ಕಾಂಗರೂ ಇಲಿ ನೀರನ್ನು ಎಲ್ಲಿ ಕೂಡಿಡುತ್ತದೆ?

ಪ್ರಶ್ನೆ: ಅಮೆರಿಕದ ಮರುಭೂಮಿಯ ಕಾಂಗರೂ ಇಲಿ ನೀರು ಕುಡಿಯದೆಯೇ ಬದುಕುತ್ತದಂತೆ. ಹಾಗಾದರೆ ಮಳೆ ಬಂದಾಗ ಅದು ನೀರನ್ನು ಮೈಯಲ್ಲಿ ತುಂಬಿಟ್ಟುಕೊಳ್ಳುತ್ತದೆಯೇ?

ಉತ್ತರ: ಇಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ಪುರಾವೆಯನ್ನೇ ಮುಂದಿಡುತ್ತೇನೆ.

1940ರ ದಶಕದ ಕೊನೆಯಲ್ಲಿ ವಿಜ್ಞಾನಿಗಳಾದ ಕ್ನುಟ್ ಮತ್ತು ಬೋಡಿಲ್ ಶ್ಮಿಟ್-ನೀಲ್ಸನ್ ದಂಪತಿ ಅರಿಜೋನಾದಲ್ಲಿ ಈ ಪ್ರಾಣಿಗಳಿಗೆ ವಾರಗಟ್ಟಲೆ ಒಣ ಬಾರ್ಲಿಯನ್ನು ಮಾತ್ರ ತಿನ್ನಿಸಿ, ಅವುಗಳ ಮೈಯಲ್ಲಿರುವ ನೀರಿನ ಪಾಲನ್ನು ಅಳೆದರು. ಕೂಡಿಟ್ಟ ನೀರು ಖರ್ಚಾಗುತ್ತಿದ್ದರೆ ಆ ಪಾಲು ದಿನೇ ದಿನೇ ಇಳಿಯಬೇಕಿತ್ತು, ಅದು ಇಳಿಯಲಿಲ್ಲ. 100 ಗ್ರಾಂ ಬಾರ್ಲಿ ದೇಹದಲ್ಲಿ ಆಮ್ಲಜನಕದೊಡನೆ ಸೇರಿ ದಹಿಸಿದಾಗ ಸುಮಾರು 54 ಗ್ರಾಂ ನೀರು ಹೊಸದಾಗಿ ಹುಟ್ಟುತ್ತದೆ. ಹೀಗೆ ಹುಟ್ಟುವ ನೀರು ನಮ್ಮ ದೇಹದಲ್ಲೂ ಇದೆ, ಆದರೆ ನಮಗದು ಸಾಲದು. ಕಾಂಗರೂ ಇಲಿಗೆ ಸಾಲುವುದು ಅದರ ಮಿತವ್ಯಯದಿಂದ: ಅದರ ಮೂತ್ರಪಿಂಡ ನಮ್ಮದಕ್ಕಿಂತ ಸುಮಾರು ನಾಲ್ಕು ಪಟ್ಟು ಗಾಢವಾದ ಮೂತ್ರವನ್ನು ತಯಾರಿಸಬಲ್ಲದು, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಗಟ್ಟುವಂತೆ, ಹೊರಬಿಡುವ ಉಸಿರಿನ ತೇವ ತಂಪಾದ ಮೂಗಿನೊಳಗೇ ಹನಿಯಾಗಿ ಉಳಿಯುತ್ತದೆ, ಹಗಲಿನ ಉರಿಬಿಸಿಲಿನಲ್ಲಿ ಅದು ಬಿಲ ಬಿಟ್ಟು ಹೊರಬರುವುದೇ ಇಲ್ಲ.

ಅದಕ್ಕೆ ನೀರೇ ಬೇಡ ಎನ್ನುವುದೂ ತಪ್ಪು. ಅದೇ ದಂಪತಿ ಸೋಯಾಬೀನ್ ತಿನ್ನಿಸಿದಾಗ, ಹೆಚ್ಚಿನ ಪ್ರೋಟೀನಿನಿಂದ ಉಂಟಾದ ಯೂರಿಯಾ ಎಂಬ ತ್ಯಾಜ್ಯವನ್ನು ಮೂತ್ರದಲ್ಲಿ ಹೊರಹಾಕಲು ನೀರು ಸಾಲದೆ ಅವು ಉಳಿಯಲಿಲ್ಲ. ಕುಡಿಯಲು ಸಮುದ್ರದ ನೀರು ಕೊಟ್ಟಾಗ, ನಮ್ಮನ್ನು ಕೊಲ್ಲುವ ಆ ಉಪ್ಪುನೀರಿನಲ್ಲೇ ಬದುಕಿಕೊಂಡವು.

ಇನ್ನು ಕಾಂಗರೂ ಇಲಿಯ ಉಬ್ಬಿದ ಕೆನ್ನೆಗಳು ನೀರಿನ ಚೀಲಗಳೆಂಬ ಮಾತು. ಕ್ಷೇತ್ರ ಅಧ್ಯಯನದಲ್ಲಿ ಸಂಜೆ ಕಾಳು ಹಾಕಿ ಬೋನು ಇಟ್ಟು, ಬಿಸಿಲೇರುವ ಮುನ್ನ ತೆರೆಯುತ್ತಾರೆ. ಒಳಗೆ ಸಿಕ್ಕಿದ ಪ್ರಾಣಿಯ ಕೆನ್ನೆಚೀಲದಲ್ಲಿ ಕಾಣುವುದು ಆ ಕಾಳೇ. ಚೀಲದ ಬಾಯಿ ತೆರೆಯುವುದು ತುಟಿಯ ಹೊರಗೆ, ಒಳಮೈಯಲ್ಲೆಲ್ಲ ಕೂದಲು. ಆದ್ದರಿಂದ ಬಿಲಕ್ಕೆ ಸಾಗಿಸುವ ಬೀಜಕ್ಕೆ ಜೊಲ್ಲು ಸಹ ತಾಗುವುದಿಲ್ಲ.

ಯಾರೂ ಕೇಳದಿದ್ದರೂ ಹೇಳಲೇಬೇಕಾದದ್ದು ಇನ್ನೊಂದಿದೆ: ಈ ಪ್ರಾಣಿ ಇಲ್ಲವಾದರೆ ಮರುಭೂಮಿಗೆ ಏನಾಗುತ್ತದೆ? ಪರಿಸರ ವಿಜ್ಞಾನಿ ಜೇಮ್ಸ್ ಬ್ರೌನ್ 1977ರಲ್ಲಿ ಅರಿಜೋನಾದ ಪೋರ್ಟಲ್ ಬಳಿ 50 ಮೀಟರ್ ಉದ್ದಗಲದ 24 ತುಂಡು ನೆಲಕ್ಕೆ ಬೇಲಿ ಹಾಕಿಸಿದರು. ಅವುಗಳಲ್ಲಿ ಕೆಲವಕ್ಕೆ ಸಣ್ಣ ಇಲಿಗಳಷ್ಟೇ ನುಸುಳುವಂಥ ಕಿರಿದಾದ ಕಂಡಿಗಳಿದ್ದವು. ಕಾಂಗರೂ ಇಲಿಗಳನ್ನು ಹೀಗೆ ಹೊರಗಿಟ್ಟ ಸುಮಾರು 12 ವರ್ಷಗಳಲ್ಲಿ, ಪೊದೆಗಳ ನಡುವಿನ ಬರಿನೆಲದಲ್ಲಿ ಎತ್ತರದ ಹುಲ್ಲು ಹಬ್ಬಿ ಅದು ಹುಲ್ಲುಗಾವಲಾಗತೊಡಗಿತು. ದಪ್ಪ ಬೀಜಗಳನ್ನು ಆರಿಸಿ ತಿನ್ನುವವರೂ, ಮಣ್ಣನ್ನು ಸದಾ ಕೆದಕುವವರೂ ಅಲ್ಲಿ ಇಲ್ಲವಾಗಿದ್ದರು.