ಬೇಡದ ಅಲಾರಂ: ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು

1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಯಿತು. ಅದಕ್ಕೂ ಮುಂಚಿನ 11 ನಿಮಿಷಗಳಲ್ಲಿ ನಿಯಂತ್ರಣ ಕೊಠಡಿಯ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದಿದ್ದವು. ಅಂದರೆ ಸುಮಾರು ಎರಡೂವರೆ ಸೆಕೆಂಡಿಗೊಂದು. ಓದಿ ಮುಗಿಸುವುದೇ ಕಷ್ಟ, ಯೋಚಿಸುವುದಕ್ಕೆ ಸಮಯ ಎಲ್ಲಿ?

ಮೊದಲು ಒಂದು ವ್ಯತ್ಯಾಸ ಗಟ್ಟಿ ಮಾಡಿಕೊಳ್ಳೋಣ. ಆಪರೇಟರ್ ಏನಾದರೂ ಮಾಡಲೇಬೇಕು ಅನ್ನುವಂಥದ್ದು ಅಲಾರಂ. ನಡೆದದ್ದರ ದಾಖಲೆ ಮಾತ್ರ ಆದರೆ ಅದು ಈವೆಂಟ್. ವೇಳಾಪಟ್ಟಿಯಂತೆ ಪಂಪು ಶುರುವಾದರೆ ಲಾಗ್‌ನಲ್ಲಿ ಒಂದು ಸಾಲು ಸಾಕು, ಬಜರ್ ಹೊಡೆಯಬೇಕಿಲ್ಲ. ಅಲಾರಂ ನಿರ್ವಹಣೆಯ ಐಎಸ್‌ಎ 18.2 ಮಾನದಂಡವೂ ಇದನ್ನೇ ಹೇಳುತ್ತದೆ. ಒಬ್ಬ ಆಪರೇಟರ್‌ಗೆ 10 ನಿಮಿಷದಲ್ಲಿ 10ಕ್ಕಿಂತ ಜಾಸ್ತಿ ಅಲಾರಂ ಬಂದರೆ ಅದನ್ನು ಅಲಾರಂ ಪ್ರವಾಹ ಎಂದು ಎಣಿಸುತ್ತಾರೆ.

ಗದ್ದಲದಲ್ಲಿ ದೊಡ್ಡ ಪಾಲು ಪದೇ ಪದೇ ಬಂದು ಹೋಗುವ ಅಲಾರಂಗಳದ್ದು. ಟ್ಯಾಂಕ್ ಮಟ್ಟ ಶೇ 80 ದಾಟಿದರೆ ಅಲಾರಂ ಎಂದಿಟ್ಟುಕೊಳ್ಳಿ. ನೀರು ಅಲುಗಾಡುತ್ತಲೇ ಇರುತ್ತದೆ. 79.8, 80.1, 79.9, 80.2. ಪ್ರತಿ ಸಲವೂ ಹೊಸ ಅಲಾರಂ! ಇದಕ್ಕೆ ಡೆಡ್‌ಬ್ಯಾಂಡ್, ಅಂದರೆ ಅಲಾರಂ ಬರುವ ಮತ್ತು ಹೋಗುವ ಮಟ್ಟಗಳ ನಡುವಿನ ಅಂತರ, ಮದ್ದು. ಶೇ 5 ಕೊಟ್ಟರೆ 80ಕ್ಕೆ ಬಂದ ಅಲಾರಂ ಮಟ್ಟ 75ಕ್ಕೆ ಇಳಿದಾಗಲೇ ಹೋಗುತ್ತದೆ. ಇನ್ನೊಂದು ಮದ್ದು ಡಿಲೇ, ಅಂದರೆ ಸ್ಥಿತಿ ಇಷ್ಟು ಹೊತ್ತು ಹಾಗೇ ಉಳಿದರೆ ಮಾತ್ರ ಅಲಾರಂ ಕೊಡುವುದು. ಮಟ್ಟ ಮತ್ತು ಉಷ್ಣತೆಗೆ 60 ಸೆಕೆಂಡು, ಹರಿವು ಮತ್ತು ಒತ್ತಡಕ್ಕೆ 15 ಸೆಕೆಂಡು ಎಂಬುದು ಶುರು ಮಾಡಲು ಒಳ್ಳೆಯ ಅಂಕಿ. ಆದರೆ ಕಣ್ಣು ಮುಚ್ಚಿಕೊಂಡು ಹಾಕಬೇಡಿ. ಅಲಾರಂ ಮಟ್ಟ ದಾಟಿದ ಎರಡು ನಿಮಿಷದಲ್ಲಿ ತುಂಬಿ ಚೆಲ್ಲುವ ಸಣ್ಣ ಟ್ಯಾಂಕಿಗೆ 60 ಸೆಕೆಂಡು ಕಾದರೆ ಉಳಿಯುವುದು ಅರ್ಧ ಸಮಯ ಮಾತ್ರ, ಅಲ್ವಾ?

ನನಗೆ ತುಂಬಾ ಮುಖ್ಯ ಅನಿಸಿದ್ದು ಮುಂದಿನ ವಿಷಯ. ಪಂಪು ನಾವೇ ನಿಲ್ಲಿಸಿದ್ದೇವೆ. ಹರಿವು ಕಡಿಮೆ, ಒತ್ತಡ ಕಡಿಮೆ ಎಂದು ಅಲಾರಂ ಬರುತ್ತದೆ. ನಿಂತ ಪಂಪಿನಲ್ಲಿ ಹರಿವು ಎಲ್ಲಿಂದ ಬರಬೇಕು? ಪಂಪು ಓಡುತ್ತಿರುವಾಗ ಮಾತ್ರ ಇವು ಎಚ್ಚರವಾಗಿರುವಂತೆ ತರ್ಕ ಬರೆಯಬೇಕು. ಪಂಪು ತಾನಾಗಿಯೇ ಟ್ರಿಪ್ ಆದರೆ, ಅಂದರೆ ದೋಷದಿಂದ ನಿಂತರೆ, ಟ್ರಿಪ್ ಅಲಾರಂ ಒಂದೇ ಬರಲಿ, ಅದರ ಬೆನ್ನಿಗೆ ಬರುವ ಉಳಿದವು ಲಾಗ್‌ಗೆ ಹೋಗಲಿ. ದೂರದ ಸ್ಟೇಷನ್ನಿನ ಸಂಪರ್ಕ ಕಡಿದಾಗಲೂ ಹೀಗೇ. ಅಲ್ಲಿಂದ ಬರುವ ನೂರು ಬಿಂದುಗಳು (ಅಳತೆ, ಸ್ಥಿತಿಗಳು) ಒಟ್ಟಿಗೆ ಕೆಟ್ಟವು ಎಂದು ತೋರಿಸುವ ಬದಲು 'ಸಂಪರ್ಕವಿಲ್ಲ' ಎಂಬ ಒಂದೇ ಅಲಾರಂ ಸಾಕು. ಆ ಬಿಂದುಗಳ ಹಳೆಯ ಮೌಲ್ಯ ಪರದೆಯಲ್ಲಿ ತಾಜಾ ಎನ್ನುವಂತೆ ನಿಲ್ಲಬಾರದು. ನಂಬಬೇಡಿ ಎಂಬ ಗುರುತು ಪಕ್ಕದಲ್ಲೇ ಇರಬೇಕು. ಒಟ್ಟಿನಲ್ಲಿ ಪರಿಣಾಮವನ್ನು ತಡೆಯಬಹುದು, ಕಾರಣವನ್ನು ತಡೆಯುವಂತಿಲ್ಲ.

ಹಾಗಾದರೆ ತಡೆಯುವುದು ಎಲ್ಲಿ? ಸ್ಥಳದಲ್ಲೇ ಸೆನ್ಸರ್, ಸ್ವಿಚ್‌ಗಳನ್ನು ಓದಿ ಮಾಹಿತಿ ಕಳಿಸುವ ಆರ್‌ಟಿಯುನಲ್ಲೋ, ಎಲ್ಲವನ್ನೂ ಒಟ್ಟಿಗೆ ತೋರಿಸುವ ಕೇಂದ್ರದ ಸ್ಕಾಡಾ ವ್ಯವಸ್ಥೆಯಲ್ಲೋ? ಕೇಂದ್ರದಲ್ಲಿ ತಡೆದರೆ ಪರದೆ ಶಾಂತವಾಗುತ್ತದೆ, ದಾಖಲೆ ಉಳಿಯುತ್ತದೆ. ಆರ್‌ಟಿಯುನಲ್ಲಿ ತಡೆದರೆ ಆ ಮಾಹಿತಿ ಹೊರಡುವುದೇ ಇಲ್ಲ. ಮಟ್ಟ ಶೇ 2 ಬದಲಾದರೆ ಮಾತ್ರ ಕಳಿಸು ಎಂದಿದ್ದರೆ, ಸಣ್ಣಗೆ ಸೋರುವ ಟ್ಯಾಂಕಿನ ಸುದ್ದಿ ಅಷ್ಟು ಇಳಿಯುವವರೆಗೂ ಬರುವುದಿಲ್ಲ. ಹಾಗಂತ ಅಲ್ಲಿ ಏನೂ ತಡೆಯದಿದ್ದರೂ ತೊಂದರೆಯೇ. ಸಡಿಲವಾದ ಒಂದು ಸ್ವಿಚ್ ಪಟಪಟನೆ ಬಡಿದುಕೊಂಡರೆ ಕಳಿಸಬೇಕಾದ ಈವೆಂಟ್‌ಗಳನ್ನು ಕೂಡಿಡುವ ಆರ್‌ಟಿಯುನ ಬಫರ್ ತುಂಬಿ ಹೋಗುತ್ತದೆ. ಲಿಂಕ್ ಇಲ್ಲದ ಹೊತ್ತಿನಲ್ಲಿ ಹಾಗಾದರೆ ನಿಜಕ್ಕೂ ಬೇಕಾದ ಈವೆಂಟ್‌ಗಳೇ ಕಳೆದುಹೋಗಬಹುದು. ಆರ್‌ಟಿಯು ಮತ್ತು ಕೇಂದ್ರ ಮಾತಾಡುವ ಡಿಎನ್‌ಪಿ3 ಎಂಬ ಸಂವಹನ ವಿಧಾನದಲ್ಲಿ ಬಫರ್ ತುಂಬಿತು ಎಂದು ಹೇಳುವುದಕ್ಕೇ ಒಂದು ಬಿಟ್ (ಸೂಚನೆಯ ಗುರುತು) ಇದೆ. ಅದನ್ನು ಖಂಡಿತ ಗಮನಿಸಿ. ನನ್ನ ಮಟ್ಟಿಗೆ, ವಿದ್ಯುತ್ ಮತ್ತು ಸ್ವಿಚ್ಚಿನ ಗದ್ದಲ ಸ್ಥಳದಲ್ಲೇ ಸೋಸಬೇಕು, ಪ್ರಕ್ರಿಯೆಯ ಅರ್ಥ ಬೇಕಾಗುವ ತಡೆ ಕೇಂದ್ರದಲ್ಲಿರಬೇಕು.

ಕೊನೆಯದು ಶೆಲ್ವಿಂಗ್, ಅಂದರೆ ಅಲಾರಂ ಅನ್ನು ತಾತ್ಕಾಲಿಕವಾಗಿ ಬದಿಗಿಡುವುದು. ಸೆನ್ಸರ್ ಕೆಟ್ಟಿದೆ, ರಿಪೇರಿಯವರು ಬರುವವರೆಗೆ ಆಪರೇಟರ್ ಅಲಾರಂ ಬದಿಗಿಡುತ್ತಾರೆ. ಇದಕ್ಕೆ ಅವಧಿ ಇರಲೇಬೇಕು. ಅವಧಿ ಮುಗಿದ ಕೂಡಲೇ ಅಲಾರಂ ತಾನಾಗಿ ವಾಪಸ್ ಬರಬೇಕು. ಯಾರು, ಯಾಕೆ, ಎಷ್ಟು ಹೊತ್ತಿಗೆ ಎಂದು ದಾಖಲಾಗಬೇಕು. ಪಾಳಿ ಬದಲಾಗುವಾಗ ಈ ಪಟ್ಟಿಯನ್ನು ಬರುವವರ ಜೊತೆ ಕೂತು ಓದಬೇಕು. ಸುಮ್ನೆ ಕೈಗೆ ಕೊಟ್ಟು ಹೋಗುವುದಲ್ಲ.