ಹತ್ತು ನಿಮಿಷದ ಲಾಂಚಿನಿಂದ ಎಷ್ಟು ಹೊಗೆ ಬಂದೀತು?

ಪ್ರಶ್ನೆ: ಹೊಳೆ ದಾಟಿಸುವ ಲಾಂಚು ಓಡುವುದೇ ಹತ್ತು-ಇಪ್ಪತ್ತು ನಿಮಿಷ. ಅದರ ಹೊಗೆಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ಬ್ಯಾಟರಿ ಹಾಕಿದರೆ ನಡುನೀರಲ್ಲಿ ಕೈಕೊಡಲ್ವಾ?

ಉತ್ತರ: ದಾರಿ ಚಿಕ್ಕದು, ನಿಜ. ಆದರೆ ಅದೇ ದಾರಿಯನ್ನು ಲಾಂಚು ದಿನಕ್ಕೆ ಎಷ್ಟು ಸಲ ಸವೆಸುತ್ತದೆ ನೋಡಿ. ಜನ ಹತ್ತಿ ಇಳಿಯುವಾಗ ಸಾಮಾನ್ಯವಾಗಿ ಎಂಜಿನ್ ಆರಿಸುವುದಿಲ್ಲ. ದಡ ಬಿಡುವಾಗ ಒಂದು ಸಲ ಜೋರು, ಸೇರುವಾಗ ರಿವರ್ಸ್ ಹಾಕಿ ಇನ್ನೊಂದು ಸಲ ಜೋರು. ಡೀಸೆಲ್ ಎಂಜಿನ್ ಕಪ್ಪು ಹೊಗೆ ಕಾರುವುದು ಹೀಗೆ ಏಕಾಏಕಿ ಒತ್ತಡ ಬಿದ್ದಾಗಲೇ ಜಾಸ್ತಿ. ಆಗ ಪಕ್ಕದಲ್ಲಿ ಇರುವವರು ಯಾರು? ಕಟ್ಟೆ ಮೇಲೆ ಸಾಲು ನಿಂತವರು. ಮಸಿಯ ಸಣ್ಣ ಕಣ ನೇರ ಅವರ ಶ್ವಾಸಕೋಶಕ್ಕೆ. ಇದರ ಮೇಲೆ ದೋಣಿ ಎಂಜಿನ್ನಿಗೆ ಆಯಸ್ಸೂ ಗಟ್ಟಿ, ರಿಪೇರಿ ಮಾಡಿಸಿಕೊಂಡು ದಶಕಗಳ ಕಾಲ ಓಡುತ್ತಲೇ ಇರುತ್ತದೆ.

ಇನ್ನು ಬ್ಯಾಟರಿ. ದಾರಿ ಚಿಕ್ಕದಾಗಿರುವುದೇ ಇಲ್ಲಿ ಅನುಕೂಲ. ಸಮುದ್ರ ದಾಟುವ ಹಡಗಿಗೆ ಸಾಲುವಷ್ಟು ಬ್ಯಾಟರಿ ಹೊರಿಸಿದರೆ ಸರಕಿಗೇ ಜಾಗ ಉಳಿಯಲಿಕ್ಕಿಲ್ಲ. ಹೊಳೆ ದಾಟುವ ದೋಣಿಗೆ ಆ ತೊಂದರೆ ಇಲ್ಲ, ಪ್ರತಿ ಸಲ ದಡಕ್ಕೆ ಬಂದೇ ಬರುತ್ತದೆ, ಚಾರ್ಜ್ ಮಾಡಿಕೊಳ್ಳಬಹುದು.

ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಕೇರಳದ ವೈಕಂನಿಂದ ವೆಂಬನಾಡ್ ಕೆರೆಯ ಆಚೆ ದಡದ ತವಣಕ್ಕಡವಿಗೆ 2017ರ ಜನವರಿಯಲ್ಲಿ ‘ಆದಿತ್ಯ’ ಎಂಬ ಸೋಲಾರ್ ದೋಣಿ ಶುರುವಾಯಿತು. 75 ಜನ ಕೂರಬಹುದು. ಚಾವಣಿ ತುಂಬಾ ಸೋಲಾರ್ ಹಲಗೆ, ಕೆಳಗೆ ಬ್ಯಾಟರಿ. ಜೋರು ಓಟವೇನಿಲ್ಲ, ಬೇಕಾಗಿಯೂ ಇಲ್ಲ. ದೋಣಿಯ ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಹಾಗಾಗಿ ಡೀಸೆಲ್ ದೋಣಿಯನ್ನೇ ಸ್ವಲ್ಪ ನಿಧಾನ ಓಡಿಸಿದರೂ ಲಾಭವೇ, ಅದಕ್ಕೆ ಕಾಸು ಖರ್ಚಿಲ್ಲ!

ನಡುನೀರಲ್ಲಿ ನಿಲ್ಲುವ ಭಯಕ್ಕೆ ಕೊಚ್ಚಿಯವರ ಉತ್ತರ ಬೇರೆ. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋ ದೋಣಿಗಳು ಬ್ಯಾಟರಿಯಲ್ಲಿ ಓಡುತ್ತವೆ, ಜೊತೆಗೆ ಆಪತ್ತಿಗೊಂದು ಜನರೇಟರ್ ಇಟ್ಟುಕೊಂಡಿರುತ್ತವೆ.

ನಿಜವಾದ ತಲೆನೋವು ದೋಣಿಯಲ್ಲಿಲ್ಲ, ದಡದಲ್ಲಿದೆ. ಹತ್ತೇ ನಿಮಿಷದಲ್ಲಿ ಚಾರ್ಜ್ ತುಂಬಬೇಕೆಂದರೆ ಹಳ್ಳಿಯ ಕರೆಂಟು ತಡೆಯಬೇಕಲ್ವಾ? ನಾರ್ವೆಯಲ್ಲಿ 2015ರಲ್ಲಿ ಓಡಾಟ ಶುರುಮಾಡಿದ ‘ಆಂಪೇರ್’ 120 ಕಾರು ಹೊರುವ ಬ್ಯಾಟರಿ ದೋಣಿ. ದಡದ ಊರಿನ ಲೈನು ಅದಕ್ಕೆ ಸಾಲುತ್ತಿರಲಿಲ್ಲ. ದಡದಲ್ಲೂ ಒಂದೊಂದು ಬ್ಯಾಟರಿ ಇಟ್ಟರು. ದೋಣಿ ಆಚೆ ಹೋಗಿ ಬರುವಷ್ಟರಲ್ಲಿ ಅದು ನಿಧಾನಕ್ಕೆ ತುಂಬಿಕೊಳ್ಳುತ್ತದೆ, ಬಂದಾಗ ಒಮ್ಮೆಗೇ ಸುರಿಯುತ್ತದೆ. ಮನೆಯ ಸಂಪಿನ ಲೆಕ್ಕ.

ಆ ಕರೆಂಟು ಕಲ್ಲಿದ್ದಲಿನದಾದರೆ ಹೊಗೆ ಬೇರೆ ಕಡೆ ಎದ್ದೇ ಏಳುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಕಟ್ಟೆಯಲ್ಲಿ ಕಾಯುವವರ ಮೂಗಿಗಂತೂ ಬಡಿಯುವುದಿಲ್ಲ.

ಸಿಗಂದೂರಿಗೆ ಹೋಗಿ ಬಂದವರಿಗೆ ಶರಾವತಿ ಹಿನ್ನೀರಿನ ಲಾಂಚು ನೆನಪಿರಬೇಕು. 2025ರ ಜುಲೈನಲ್ಲಿ ಅಲ್ಲಿ ಸೇತುವೆಯೇ ಬಂತು. ಎಲ್ಲ ಕಡೆ ಸೇತುವೆ ಕಟ್ಟಲಾಗುವುದಿಲ್ಲ. ಉತ್ತರ ಕನ್ನಡದ ತದಡಿಯಿಂದ ಹೊಳೆಯಾಚೆಯ ಅಘನಾಶಿನಿ ಊರಿಗೆ ದಾಟುವಂಥ ಪುಟ್ಟ ಹಾದಿಗೆ ಬ್ಯಾಟರಿ ದೋಣಿ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ ನನಗೆ.