ಗುಡ್ಡದ ಮೇಲಿನ ಟ್ಯಾಂಕ್ ಒಡೆದರೆ ಯಾವ ಸೆಕ್ಷನ್?

ಕಾಸರಗೋಡಿನ ಕಡೆ ಗುಡ್ಡದ ಮೇಲೆ ಗುಂಡಿ ತೋಡಿ, ಟರ್ಪಾಲು ಹಾಸಿ, ಅಡಿಕೆ ತೋಟಕ್ಕೆ ನೀರು ನಿಲ್ಲಿಸುವವರಿದ್ದಾರೆ. ಜೋರು ಮಳೆಗೆ ಕಟ್ಟೆ ಒಡೆದು ಕೆಳಗಿನವರ ತೋಟ ಕೊಚ್ಚಿ ಹೋಯಿತು ಅಂತಿಟ್ಟುಕೊಳ್ಳಿ. ಕಕ್ಷಿದಾರರು ಮೊದಲು ಕೇಳುವುದೇ "ಯಾವ ಸೆಕ್ಷನ್, ವಕೀಲರೇ?" ಅಂತ. ಸೆಕ್ಷನ್ ಇಲ್ಲ. ಇಂಥ ನಷ್ಟಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಿಲ್ಲ, ಹಳೆಯ ತೀರ್ಪುಗಳೇ ಕಾನೂನು. ಹೀಗೆ ಇಂಗ್ಲೆಂಡಿನಲ್ಲಿ ತೀರ್ಪಿನಿಂದ ತೀರ್ಪಿಗೆ ಬೆಳೆದು ನಮ್ಮಲ್ಲಿಗೂ ಬಂದದ್ದೇ ಕಾಮನ್ ಲಾ. ಬ್ರಿಟಿಷರು ಹೋದ ಮೇಲೂ ಸಂವಿಧಾನದ 372ನೇ ವಿಧಿ ಅದನ್ನು ಉಳಿಸಿಕೊಂಡಿತು.

ಇಂಗ್ಲೆಂಡಿನ ಕಾನೂನು ನಮಗ್ಯಾಕೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 1868ರ ರೈಲ್ಯಾಂಡ್ಸ್ ಪ್ರಕರಣ ನೋಡಿ. ಗಿರಣಿ ಮಾಲೀಕನೊಬ್ಬ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಮಾಲೀಕನ ತಪ್ಪಿಲ್ಲದಿದ್ದರೂ ನಷ್ಟ ಅವನೇ ತುಂಬಬೇಕು ಅಂತ ತೀರ್ಪಾಯಿತು. ಆದರೆ 1874ರಲ್ಲಿ ಮದ್ರಾಸ್ ಪ್ರಾಂತ್ಯದ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಮಳೆಗೆ ಒಡೆದು ರೈಲ್ವೆಗೆ ಹಾನಿಯಾದಾಗ, ಆಗ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ನಿಯಮವನ್ನು ಹಾಗೇ ಹೇರಲಿಲ್ಲ. ಇಲ್ಲಿನ ಕೆರೆಗಳು ಸಾವಿರಾರು ಜನರ ಬದುಕು, ಅವನ್ನು ಕಾಪಾಡುವುದು ಜಮೀನ್ದಾರರ ಕರ್ತವ್ಯ, ಹಾಗಾಗಿ ಅಜಾಗರೂಕತೆ ಇದ್ದರೆ ಮಾತ್ರ ಹೊಣೆ ಅಂದಿತು. ನಮ್ಮ ನೆಲಕ್ಕೆ ತಕ್ಕ ಹಾಗೆ ಬಾಗಿತು, ಅಲ್ವಾ?

ಇನ್ನೊಂದು ದಿಕ್ಕಿಗೂ ಬಾಗಿದೆ. 1985ರಲ್ಲಿ ದಿಲ್ಲಿಯ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಮರುವರ್ಷ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವರಿಗೆ ರೈಲ್ಯಾಂಡ್ಸ್ ನಿಯಮದ ವಿನಾಯಿತಿಗಳೂ (ಪ್ರಕೃತಿ ವಿಕೋಪದಂಥ ನೆಪಗಳು) ಸಿಗುವುದಿಲ್ಲ ಅಂದಿತು. ಎಂಡೋಸಲ್ಫಾನ್ ಕೀಟನಾಶಕದ ಅನಾಹುತ ಕಂಡ ನಮ್ಮ ಜಿಲ್ಲೆಗೆ ಇದರ ತೂಕ ಗೊತ್ತು. ಸಂಸತ್ತು ಕಾಯ್ದೆ ಮಾಡಲಿ ಅಂತ ಸುಮ್ನೆ ಕಾಯ್ದಿದ್ದರೆ ಇಷ್ಟು ಗಟ್ಟಿ ನಿಯಮ ಅಷ್ಟು ಬೇಗ ಬರುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ನನಗೆ ಬೇಸರ ಬೇರೆ ಕಡೆ. ಈ ತೀರ್ಪುಗಳೆಲ್ಲ ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲಿವೆ. ಕನ್ನಡ ಮಾತ್ರ ಓದಬಲ್ಲ ಕೃಷಿಕರಿಗೆ ತಮ್ಮ ಹಕ್ಕು ಎಲ್ಲಿ ಬರೆದಿದೆ ಅಂತಲೂ ಗೊತ್ತಾಗುವುದಿಲ್ಲ. ಇದು ಸರಿಯಲ್ಲ.

ಟ್ಯಾಂಕಿನ ವಿಷಯಕ್ಕೆ ಬಂದರೆ, ಅದು ಊರಿನ ಕೆರೆಯಲ್ಲ, ಒಬ್ಬರ ಸ್ವಂತ ಲಾಭಕ್ಕೆ ಕಟ್ಟಿದ್ದು. ಹಾಗಾಗಿ ಕಾರ್ವೇಟಿನಗರದ ತೀರ್ಪಿನ ಆಸರೆ ಟ್ಯಾಂಕಿನ ಮಾಲೀಕರಿಗೆ ಸಿಗಬಾರದು ಅಂತ ನಾನು ವಾದಿಸುತ್ತೇನೆ. ಆದರೂ ಅಜಾಗರೂಕತೆಗೆ ಸಾಕ್ಷಿ ಇರಲಿ. ಕಟ್ಟೆಯ ಬಿರುಕಿನ ಫೋಟೋ, ಮೊದಲೇ ಎಚ್ಚರಿಸಿ ಕಳಿಸಿದ ವಾಟ್ಸಾಪ್ ಸಂದೇಶ, ಬಿದ್ದ ಮರಗಳ ಲೆಕ್ಕ, ಎಲ್ಲ ತೆಗೆದಿಡಿ. ಕಾಲಮಿತಿ ಇದೆ, ಬೇಗ ಬನ್ನಿ.